ಅವಳ ಸ್ವೆಟರು

ಜಕ್ಕೂರಿನ ವಿಮಾನದ ಬಯಲು ಇವತ್ತು ಕಾಣುವುದಿಲ್ಲ.
ಮಂಜು ಬಂದು ಬೇಲಿ ನುಂಗಿದೆ,
ಬೇಲಿಯಾಚೆಯ ಗಾಳಿಚೀಲವನ್ನೂ. ನಾಲ್ಕೂಕಾಲು.
ಹನ್ನೊಂದು ಡಿಗ್ರಿ ಅಂತ ರಾತ್ರಿ ರೇಡಿಯೋದಲ್ಲಿ ಹೇಳಿದ್ದು.
ಹಿಮ ಬೀಳುವ ಸೀಮೆಯವರು ನಕ್ಕಾರು,
ನಗಲಿ. ಬಂದು ಒಮ್ಮೆ
ಈ ಸಿಮೆಂಟು ತೊಟ್ಟಿಗೆ ಮೊಣಕೈವರೆಗೆ ಇಳಿಯಲಿ,
ಆಮೇಲೆ ಮಾತಾಡೋಣ.

ನಿನ್ನೆ ಸಂಜೆಯ ಹಾಲು ಕರೆದಿಟ್ಟು
ಪಾಪಕ್ಕ ಹೊಸಕೋಟೆ ಬಸ್ಸು ಹತ್ತಿದಳು.
ಮಗಳಿಗೆ ದಿನ ತುಂಬಿದೆ. ಎರಡನೆಯದು, ಗಂಡನ ಮನೆಯಲ್ಲೇ.
ಬಸ್ಸಿನ ಕಿಟಕಿಯಿಂದಲೂ ಹೇಳುತ್ತಿದ್ದಳು:
ಬೂಸಾ ಎಷ್ಟು ಸೇರು, ಹಿಂಡಿ ಎಷ್ಟು ಹಿಡಿ,
ಕರುವಿಗೆ ಬಿಡಬೇಕಾದ ಮೊಲೆ ಯಾವುದು.
ಆಟೋ ಓಡಿಸುವವನು ನಾನು.
ಇಪ್ಪತ್ತೆರಡು ವರ್ಷ ಈ ಕೊಟ್ಟಿಗೆಯ ಹಾಲು ಕುಡಿದಿದ್ದೇನೆ,
ಕರೆದದ್ದು ಯಾವತ್ತು?

ಮೊದಲು ಸಗಣಿ. ಈ ಹೊತ್ತಿನಲ್ಲಿ
ಬೆಚ್ಚಗಿರುವುದು ಅದೊಂದೇ;
ಕೈ ಹಾಕಿದರೆ ತೆಗೆಯಲು ಮನಸ್ಸಿಲ್ಲ.
ಆಮೇಲೆ ಗಂಜಲದ ಕಾಲುವೆ, ಪೊರಕೆ, ಬಕೆಟ್ಟು.
ಹಿಮ್ಮಡಿಯ ಬಿರುಕಿಗೆ ನೀರು ಹೊಕ್ಕು
ಸತ್ತ ಅವ್ವನ ಹೆಸರು ಬಾಯಿಗೆ ಬಂತು.
ಕರು ಗೋಣಿ ಜಾರಿಸಿಕೊಂಡು ನಡುಗುತ್ತಿತ್ತು.
ಐವತ್ತು ಕೆಜಿ ಅಂತ ಬರೆದಿದೆ ಗೋಣಿಯ ಮೇಲೆ,
ಒಳಗಿರುವುದು ಅದರರ್ಧವೂ ತೂಗುವುದಿಲ್ಲ.

ತೆಂಗಿನ ಚಿಪ್ಪು ಉರಿಸಿ ನೀರು ಕಾಯಿಸಿ
ಕೆಚ್ಚಲು ತೊಳೆದು ಕುಕ್ಕುರುಗಾಲಲ್ಲಿ ಕೂತೆ.
ಬೆರಳು ತಗುಲಿದ್ದೇ ತಡ, ಕೆಂದಿ ಝಾಡಿಸಿತು,
ಚೊಂಬು ಉರುಳಿ ಚರಂಡಿ ಸೇರಿತು.
ತಣ್ಣನೆ ಕೈಗೆ ಯಾರು ತಾನೆ ಒಲಿದಾರು.
ಕಂಕುಳಲ್ಲಿ ಇಟ್ಟುಕೊಂಡೆ, ಬೆಂಕಿಗೆ ಹಿಡಿದೆ,
ಬೈದೆ, ಕೆಂದಮ್ಮಾ ಅಂದೆ,
ಅವಳ ಹಾಗೆ ನಾಲಿಗೆಯಲ್ಲಿ ಟೊಕ್ ಅನಿಸಿ ನೋಡಿದೆ.
ಕರು ಬಿಟ್ಟರೆ ಕರುವಿಗಷ್ಟು ಇಳಿಸಿ
ನನ್ನ ಕೈ ಕಂಡದ್ದೇ ಏರಿಸಿಕೊಂಡಿತು.
ಐದು ದಾಟಿತು. ಆರಕ್ಕೆ ಡೈರಿಯ ಕ್ಯಾನು ಮುಚ್ಚುತ್ತದೆ.
ಕಾಂಪೌಂಡಿನಾಚೆ ಹದಿನಾರು ಅಂತಸ್ತು,
ಅಲ್ಲೊಂದು ಇಲ್ಲೊಂದು ಬಚ್ಚಲ ದೀಪ,
ಗೀಸರು ಕಾಯುತ್ತಿರಬೇಕು.

ಆಗ ಕಂಡಿತು, ಮೊಳೆಯಲ್ಲಿ ಅವಳ ಸ್ವೆಟರು.
ಕುಂಬಳ ಹೂವಿನ ಬಣ್ಣ ಇತ್ತು ಒಂದು ಕಾಲಕ್ಕೆ.
ಈಗ ಯಾವುದು ಅಂತ ತೊಳೆದರೆ ತಿಳಿದೀತು,
ತೊಳೆಯಲು ಅವಳು ಬಿಡುವುದಿಲ್ಲ.
ಎರಡು ಗುಂಡಿ ಇಲ್ಲ, ಒಂದು ಕಡೆ ಪಿನ್ನು,
ಜೇಬಲ್ಲಿ ಬೆಲ್ಲದ ಚೂರು, ಹರಿದ ಬಸ್ ಟಿಕೇಟು.
ತೋಳು ನನ್ನ ಮೊಣಕೈಗೇ ನಿಂತಿತು,
ಬೆನ್ನಲ್ಲಿ ಹೊಲಿಗೆ ಪಿಟ್ಟೆಂದಿತು.
ಹೊಗೆ, ಹಿಂಡಿ, ಹರಳೆಣ್ಣೆ,
ಎಲ್ಲದರ ಅಡಿಯಲ್ಲಿ ಅವಳ ಕತ್ತಿನ ಬೆವರು.
ಎಷ್ಟು ದಿನವಾಗಿತ್ತು ಅದನ್ನು ಇಷ್ಟು ಹತ್ತಿರ...
ಇರಲಿ. ಹಾಲು ಕರೆಯುವ ಹೊತ್ತು.

ಕೆಂದಿ ಕತ್ತು ಚಾಚಿ ತೋಳು ಮೂಸಿತು.
ನನ್ನ ಮುಖ ನೋಡಿತು. ಮತ್ತೆ ತೋಳು.
ಮೋಸ ತಿಳಿಯದೆ ಇರಲಿಕ್ಕಿಲ್ಲ;
ಅದಕ್ಕೂ ಚಳಿಯೇ ಸಾಕಾಗಿತ್ತೋ ಏನೋ,
ದೊಡ್ಡದೊಂದು ಉಸಿರು ಬಿಟ್ಟಿತು,
ಹಬೆ ಬಂದು ನನ್ನ ಕಿವಿ ಸುತ್ತಿತು.
ಪಕ್ಕೆಗೆ ಹಣೆ ಆನಿಸಿದೆ.
ಒಳಗೆಲ್ಲೋ ಬೋರ್‌ವೆಲ್ಲಿನ ಹಾಗೆ ಗುಡುಗುಡು,
ಆಮೇಲೆ ಸೊರ ಬಿಟ್ಟಿತು.

ಆರೂಹತ್ತಕ್ಕೆ ಫೋನು.
"ಹೆಣ್ಣು. ಎರಡೂಮುಕ್ಕಾಲು ಕೆಜಿ."
"ಇಲ್ಲಿ ನಾಲ್ಕು ಲೀಟರು," ಅಂದೆ. "ಫ್ಯಾಟು ಚೆನ್ನಾಗಿದೆ."
ಸ್ವಲ್ಪ ಹೊತ್ತು ಸುಮ್ಮನಿದ್ದಳು.
"ಆರು ಬರಬೇಕಿತ್ತಲ್ಲ?"
"ಕರು ಕುಡೀತು."
"ಹೂಂ. ಕಂದಂಗೆ ಹೊದ್ಸಿದ್ಯಾ?"
ಯಾವ ಕಂದ ಅಂತ ನಾನು ಕೇಳಲಿಲ್ಲ.

ಎಂಟಕ್ಕೆ ಆಟೋ ತೆಗೆದೆ.
ಖಾಕಿ ಅಂಗಿಯೊಳಗೆ ಅದು ಹಾಗೇ ಇತ್ತು.
ಮೊದಲ ಸವಾರಿಯ ಹೆಂಗಸು ಹೆಬ್ಬಾಳದವರೆಗೂ
ಮೂಗಿಗೆ ಸೆರಗು ಹಿಡಿದೇ ಕೂತಿದ್ದಳು.
ಮಂಜು ಇನ್ನೂ ಕರಗಿರಲಿಲ್ಲ,
ನಾನು ತೆಗೆಯಲಿಲ್ಲ.