ಹತ್ತು ಎಣಿಸುವಷ್ಟು ಹೊತ್ತು

ರಾತ್ರಿ ಒಂದು ಹತ್ತಕ್ಕೆ, ಟ್ರ್ಯಾಕ್ಟರ್ ಮಾರುವವನ ಕೊನೆಯ ಜಾಹೀರಾತು ಮುಗಿದು
ಹಳೇ ಸಿನಿಮಾದ ಕುದುರೆಗಳು ಧೂಳಿನಲ್ಲಿ ಕರಗಿದ ಮೇಲೆ
ಎರಡನೇ ಪ್ರೊಜೆಕ್ಟರಿಗೆ ನಾನು ದೇಶವನ್ನು ಏರಿಸುತ್ತಿದ್ದೆ.

ಹೌದು, ದೇಶವನ್ನೇ. ಒಂದೂವರೆ ನಿಮಿಷದ್ದು.
ತಗಡಿನ ಡಬ್ಬಿಯೊಳಗೆ ಸುರುಳಿ ಸುತ್ತಿ ಮಲಗಿ
ವಿನೆಗರ್ ವಾಸನೆ ಹೊಡೆಯುತ್ತಿತ್ತು.
ಬಾವುಟ. ಹದ್ದು. ಅಣೆಕಟ್ಟು.
ಚಂದ್ರನ ಮೇಲೆ ಕುಪ್ಪಳಿಸುವ ಬಿಳಿ ಉಡುಪಿನವನು.
ಗೋಧಿ, ಗೋಧಿ, ಮತ್ತೂ ಗೋಧಿ,
ನಡುವೆ ಯಾಕೋ ನಾಲ್ಕೇ ನಾಲ್ಕು ಸೆಕೆಂಡು
ಹಗ್ಗಕ್ಕೆ ದುಪ್ಪಟಿ ಹರವುವ ಒಬ್ಬ ಹೆಂಗಸು.
ಗಾಳಿ ಅದನ್ನೆತ್ತಿ ಅವಳ ಮುಖಕ್ಕೇ ಎಸೆಯುತ್ತದೆ,
ಸರಿಸುತ್ತಾಳೆ, ಹಲ್ಲಲ್ಲಿ ಕ್ಲಿಪ್ಪು ಕಚ್ಚಿಕೊಂಡೇ
ನಗುತ್ತಾಳೆ.
ಮತ್ತೆ ಬಾವುಟ. ತಮಟೆ, ತುತ್ತೂರಿ.
ಆಮೇಲೆ ನಾನು ಗುಂಡಿ ಒತ್ತಿದರೆ
ಉತ್ತರ ಡಕೋಟದ ಅಷ್ಟೂ ಮನೆಗಳೊಳಗೆ
ಹಿಮ ಸುರಿಯುತ್ತಿತ್ತು, ಜುಲೈ ತಿಂಗಳಲ್ಲೂ.

ಫಿಲ್ಮು ಹರಿಯುತ್ತಿತ್ತು. ಯಾವಾಗಲೂ ಅದೇ ಜಾಗದಲ್ಲಿ.
ಎರಡು ಚೌಕ ಕತ್ತರಿಸು, ಕೆರೆ, ಗೋಂದು ಬಳಿ,
ಒತ್ತಿ ಹಿಡಿದು ಹತ್ತು ಎಣಿಸು.
ಯಾರು ನೋಡುತ್ತಾರೆ ಬಿಡು ಅಂತ.
ಆ ಹೊತ್ತಿನಲ್ಲಿ ಎಚ್ಚರ ಇರುವುದು
ಕರು ಹಾಕಲಿರುವ ಹಸು, ಕುಡುಕ, ನಾನು.

ಫೆಬ್ರವರಿಯ ಒಂದು ರಾತ್ರಿ ಫೋನು ಬಡಿಯಿತು.
ಹೊರಗೆ ಸೊನ್ನೆಗಿಂತ ಮೂವತ್ತು ಕೆಳಗೆ.
“ಆರ್ವಿಡ್ ಟಾಲೆಫ್ಸನ್. ವೆಲ್ವಾದ ಆಚೆ.”
ಆ ಕಡೆಯವರು ಮಾತನ್ನೂ ಚಿಲ್ಲರೆಯಂತೆ ಎಣಿಸಿ ಕೊಡುತ್ತಾರೆ.
“ನಿಮ್ಮ ಹಾಡಿನಲ್ಲಿ ಬಟ್ಟೆ ಒಣಹಾಕುವವಳು
ಮೊದಲು ನಗುತ್ತಿದ್ದಳು.
ಈಗ ನಗುವುದರೊಳಗೆ ಬಾವುಟ ಬಂದುಬಿಡುತ್ತದೆ.”

ನಿಮಗೆ ಗುರುತಿನವರಾ ಎಂದೆ.
ತಂತಿಯ ಮೇಲೆ ಗಾಳಿ ಓಡಿದ್ದು ಕೇಳಿಸಿತು.
“ದುಪ್ಪಟಿ ನಮ್ಮನೇದು.
ಎಡಗಡೆ ಮೂಲೆಗೆ ತೇಪೆ ಇದೆ ನೋಡಿ,
ಸೊಟ್ಟಗಿದೆ. ನಾನು ಹಾಕಿದ್ದು.”
ಇಟ್ಟುಬಿಟ್ಟ.

ನೋಡಿದೆ. ಇತ್ತು, ಸೊಟ್ಟಗೆ.

ಕತ್ತರಿಸಿದ ಚೂರುಗಳನ್ನು ಸೋಮಾರಿತನಕ್ಕೆ ಎಸೆದಿರಲಿಲ್ಲ.
ಕಾಫಿ ಡಬ್ಬಿಯ ತಳದಲ್ಲಿ, ಕತ್ತರಿಸಿದ ಉಗುರಿನ ಹಾಗೆ,
ಹದಿನೇಳು ಚೌಕ. ಒಂದು ಸೆಕೆಂಡೂ ತುಂಬದು.
ತಿರುಗಿ ಅಂಟಿಸೋಣವೆಂದರೆ
ಒಂದನ್ನು ಕೂಡಿಸಲು ಇನ್ನೊಂದನ್ನು ಕೆರೆಯಬೇಕು.
ಮುಂಜಾನೆ ನಾಲ್ಕರ ತನಕ ಕೂತೆ.
ಹದಿನೇಳು ಹದಿಮೂರಾಯಿತು. ಕೈ ಬಿಟ್ಟೆ.

ಮರುದಿನ ರಾತ್ರಿ
ಬಾವುಟ, ಹದ್ದು, ಅಣೆಕಟ್ಟು, ಚಂದ್ರ, ಗೋಧಿ,
ಅವಳು ದುಪ್ಪಟಿ ಸರಿಸಿದಳು.
ನಾನು ಯಂತ್ರ ನಿಲ್ಲಿಸಿದೆ.

ಚಿತ್ರ ನಿಂತರೆ ಸದ್ದೂ ನಿಲ್ಲುತ್ತದೆ, ಎರಡೂ ಒಂದೇ ಪಟ್ಟಿ.
ತುತ್ತೂರಿ ಅರ್ಧ ಏರಿದ್ದಲ್ಲೇ ಸತ್ತಿತು.
ಆ ಬಯಲಿನ ಮೇಲೆಲ್ಲ ಒಂದೇ ಮುಖ, ಸದ್ದಿಲ್ಲದೆ,
ನಗು ಇನ್ನೂ ಬಂದಿಲ್ಲ,
ಕೆನ್ನೆಗೆ ಮಾತ್ರ ಸುದ್ದಿ ಮುಟ್ಟಿದೆ.
ಒಂದು. ಎರಡು. ಮೂರು.
ಆರು ಅನ್ನುವಾಗ ದೀಪದ ಬಿಸಿಗೆ ಚೌಕದ ಅಂಚು ಕಂದತೊಡಗಿತು.
ಹತ್ತಕ್ಕೆ ಬಿಟ್ಟೆ.
ದೇಶ ಎಡವಿ, ಸಾವರಿಸಿಕೊಂಡು, ಮುಂದೆ ಓಡಿತು.

ಬೆಳಿಗ್ಗೆ ಮ್ಯಾನೇಜರ್ ಹೆಗ್‌ಲುಂಡ್ ಕರೆಸಿದ. ಎರಡು ದೂರು ಬಂದಿದ್ದವು.
ಒಬ್ಬ ಕೊರಿಯಾದಲ್ಲಿ ಕಾದಿದವನಂತೆ,
ದಿನವೂ ಮನೆಯಲ್ಲಿ ಎದ್ದು ನಿಂತು ಎದೆಗೆ ಕೈಯಿಡುವವನು,
ಹಾಡು ನಿಂತಾಗ ಕೈ ಇಳಿಸಬೇಕೋ ಬೇಡವೋ
ತಿಳಿಯದೆ ಹಾಗೇ ನಿಂತಿದ್ದನಂತೆ.
ಮತ್ತೆ ಕೂರುವುದಕ್ಕೆ ಮೊಣಕಾಲು ಬಗ್ಗಲಿಲ್ಲವಂತೆ.
ಕ್ಷಮೆ ಕೇಳಿ ಒಂದು ಸಾಲು ಬರೆದೆ.

ಟಾಲೆಫ್ಸನ್ ಫೋನು ಮಾಡಲಿಲ್ಲ.
ಕಾದೆ, ನಿಜ ಹೇಳಬೇಕೆಂದರೆ. ಪ್ರತಿ ರಾತ್ರಿ.

ಮಾರ್ಚಿ ಕೊನೆಗೆ ಒಂದು ಲಕೋಟೆ ಬಂತು.
ಒಳಗೆ ಒಂದು ಮರದ ಕ್ಲಿಪ್ಪು. ಚೀಟಿ ಇಲ್ಲ.
ಹಲ್ಲಿನ ಗುರುತು ಇರಬಹುದೆಂದು
ಪ್ರೊಜೆಕ್ಟರಿನ ಬೆಳಕಿಗೆ ಹಿಡಿದು ತಿರುಗಿಸಿ ನೋಡಿದೆ.
ಇರಲಿಲ್ಲ. ಹೊಸದು,
ಅಂಗಡಿಯ ಬೆಲೆಚೀಟಿ ಇನ್ನೂ ಅಂಟಿಕೊಂಡಿತ್ತು.

ಆ ಬೇಸಿಗೆಗೆ ಕ್ಯಾಸೆಟ್ಟು ಬಂತು, ಬರೀ ಜೆಟ್ ವಿಮಾನಗಳು.
ಆಮೇಲೆ ರಾತ್ರಿಯೇ ಮುಗಿಯದ ಕಾಲ ಬಂತು,
ಬೆಳಗಿನವರೆಗೂ ಚಾಕು ಮಾರುವವರು, ಹೊಟ್ಟೆ ಕರಗಿಸುವವರು.
ನಿಲ್ಲಿಸಲು ಏನೂ ಇಲ್ಲದ ಕೋಣೆಗೆ ನನ್ನನ್ನೂ ಬೇಡವೆಂದರು.

ಕ್ಲಿಪ್ಪು ಅಡುಗೆಮನೆಯಲ್ಲಿದೆ,
ಕಟ್ಟಬೇಕಾದ ಕರೆಂಟು ಬಿಲ್ಲುಗಳನ್ನು ಕಚ್ಚಿ ಹಿಡಿದು.
ಸ್ಪ್ರಿಂಗು ಗಟ್ಟಿ.