ಹಾಜರಿ

ಊರಿಗೆ ಬಂದ ವರ್ಷವೇ ಕಬ್ಬು ಕಡಿಸಿದೆ.
ಒಂದೂವರೆ ಎಕರೆ, ಎರಡನೇ ಕೂಳೆ,
ಗಣ್ಣುಗಣ್ಣಿಗೂ ರಸ.
"ನಾಲೆ ನೀರು ಕಾಲ್‌ಬುಡಕ್ಕೇ ಬೀಳೋ ಭೂಮೀಲಿ
ಹುಲ್ಲು ಬೆಳೀತಾನಂತೆ ಮಿಲಿಟ್ರಿಯೋನು!"
ಬದುವಿನಾಚೆಯಿಂದ ಕರೀಗೌಡ ಅಂದದ್ದು ಇಷ್ಟೇ.
ಉಳಿದದ್ದನ್ನು ಕಿರುಗಾವಲಿನ ಟೀ ಅಂಗಡಿ ಸೇರಿಸಿತು.

ಕಾರಣ ಯಾರಿಗೂ ಹೇಳಲಿಲ್ಲ.
ಚೆನ್ನಾಜಿಗೆ ಮಾತ್ರ ಹೇಳದೆಯೇ ಗೊತ್ತಿತ್ತು:
ನಡುರಾತ್ರಿ ಗರಿಗೆ ಗರಿ ತಾಗಿ ಸರಕ್ಕೆಂದರೆ
ನಾನು ಮಂಚದ ಮೇಲಿರುವುದಿಲ್ಲ,
ನೆಲದ ಮೇಲೆ, ಬೋರಲು.

ಕುಪ್ವಾರದಾಚೆ ಒಂದು ಮುಸುಕಿನ ಜೋಳದ ಹೊಲ.
ಆಳೆತ್ತರ. ತೆನೆ ಬಲಿತಿತ್ತು.
ಒಳಗೆ ಹೋದವರು ಆರು ಜನ.
ಹೊರಗೆ ಬಂದು ಎಣಿಸಿದೆ.
ಮತ್ತೆ ಎಣಿಸಿದೆ.
ಎಣಿಸುವುದು ನನ್ನ ಕೆಲಸವಾಗಿತ್ತು.

ಆಮೇಲೆ ಕುರಿಗಳು ಬಂದವು.
ಬಂಡೂರಿನವು: ಗಿಡ್ಡ ಕಾಲು, ಪೀಪಾಯಿ ಮೈ,
ಯಾರೋ ಬಿಚ್ಚಲು ಮರೆತಂತೆ ಕೊರಳಲ್ಲಿ ಎರಡು ಲೋಲಕ.
ಹುಲ್ಲು ಮೊಣಕಾಲು ದಾಟಲು ಇವು ಬಿಡುವುದಿಲ್ಲ.
ಜಗಲಿಯಲ್ಲಿ ಕೂತರೆ ನಾಲೆಯ ಏರಿಯವರೆಗೂ
ಮರೆ ಎಂಬುದೇ ಇಲ್ಲ.

ಬೋರ್ಡು ಬರೆಸಿದವಳು ಚೆನ್ನಾಜಿ.
"ಕುರಿಮನೆ. ಊಟ, ವಸತಿ. ಮುಂಚೆ ಫೋನ್ ಮಾಡಿ."
ಬೇಡವೆಂದರೂ ಕೆಳಗೆ ಚಿಕ್ಕದಾಗಿ: "ಮಾಜಿ ಸೈನಿಕರದು."
ಶನಿವಾರ ಮೈಸೂರಿಂದ ಕಾರು ಬರುತ್ತವೆ.
ಅವಳ ಉಪ್ಪುಸಾರಿಗೆ ಕಣ್ಣಲ್ಲಿ ನೀರು ಸುರಿಸಿ
ಮತ್ತೊಂದು ಮುದ್ದೆ ಕೇಳುತ್ತಾರೆ,
ಮರಿಗೆ ಬಾಟಲಿ ಹಿಡಿದು ಫೋಟೋ ತೆಗೆಸಿಕೊಳ್ಳುತ್ತಾರೆ.
"ಇಲ್ಲಿ ಎಷ್ಟು ನೆಮ್ಮದಿ ಅಲ್ವಾ ಸಾರ್ ನಿಮಗೆ?"
ಹೌದು ಅನ್ನುತ್ತೇನೆ.
ಒಂದು ರಾತ್ರಿಗೆ ಸಾವಿರದ ಐನೂರು,
ಹೌದು ಅನ್ನುವುದೂ ಅದರಲ್ಲೇ ಸೇರಿದೆ.

ಕಾರ್ತಿಕದ ಒಂದು ಸಂಜೆ
ಮೂವತ್ತೆಂಟು ಇರಬೇಕಾದಲ್ಲಿ ಮೂವತ್ತೇಳು.
ಮತ್ತೆ ಎಣಿಸಿದೆ.
ಕಿವಿಯ ಮೇಲೆ ಕಂದು ಮಚ್ಚೆಯ ಮರಿ.
ಕರೀಗೌಡನ ಕಬ್ಬಿನ ಒಳಗಿಂದ, ಎಲ್ಲೋ ನಡುವಿಂದ,
ಸಣ್ಣದೊಂದು ಬ್ಯಾ.

ಬದುವಿನ ಮೇಲೆ ನಿಂತೆ. ನಿಂತೇ ಇದ್ದೆ.
ಗಾಳಿ ಇರಲಿಲ್ಲ, ಗರಿ ಅಲುಗಿತು.
ಅಂಗಿ ಬೆನ್ನಿಗೆ ಅಂಟಿತು.

ಟಾರ್ಚು ಹಿಡಿದು ಬಂದಳು ಅತಿಥಿಗಳ ಹುಡುಗಿ,
ಒಂಬತ್ತು ವರ್ಷದವಳು, ಮಧ್ಯಾಹ್ನ ಅದೇ ಮರಿಗೆ ಹಾಲು ಕುಡಿಸಿದವಳು.
"ಅಂಕಲ್, ನಿಮಗೆ ಕತ್ತಲೆ ಅಂದ್ರೆ ಭಯಾನಾ?"
"ಕತ್ತಲೆ ಅಲ್ಲ ಪುಟ್ಟಿ. ಕಬ್ಬು."
ಬಾಯಿಬಿಟ್ಟು ಹೇಳಿದ್ದು ಅದೇ ಮೊದಲು.
ಎಷ್ಟು ಪೆದ್ದಾಗಿ ಕೇಳಿಸಿತು!
ಅವಳು ನಗಲಿಲ್ಲ, ಯೋಚಿಸಿದಳು.
"ನಂಗೆ ಲಿಫ್ಟು. ಮಾತಾಡ್ತಾ ಇರು ಅಂತಾಳೆ ಅಮ್ಮ.
ನೀವು ಕೂಗ್ತಾ ಹೋಗಿ. ನಾನು ಇಲ್ಲಿಂದ ಓ ಅಂತೀನಿ."

ಹೋದೆ.
ನಾಲ್ಕು ಹೆಜ್ಜೆಗೆ ಆಕಾಶ ಮುಚ್ಚಿತು.
ಏನು ಕೂಗುವುದೋ ತಿಳಿಯಲಿಲ್ಲ,
ಬಾಯಿಗೆ ಬಂದದ್ದು ಹೆಸರು.
"ಸೆಲ್ವಂ!"
ಬದುವಿನ ಮೇಲಿಂದ, ತೆಳ್ಳನೆಯ ದನಿ: "ಓ!"
ಕಾಲು ಅಲ್ಲೇ ಹೂತಿತು.
ಎಷ್ಟೋ ಹೊತ್ತಿನ ಮೇಲೆ, "ಬಿಜು!"
"ಓ!"
ಆಮೇಲೆ ಕೂಗಲಾಗಲಿಲ್ಲ.
ಅವಳೇ ಕೇಳದೆಯೂ ಓ, ಓ ಅನ್ನುತ್ತಿದ್ದಳು.
ಮರಿಯ ಕಾಲು ತರಗಿನಲ್ಲಿ ಸಿಕ್ಕಿತ್ತು. ಬಿಡಿಸಿದೆ.

"ಸೆಲ್ವಂ ಅಂದ್ರೆ ಕುರಿ ಹೆಸರಾ ಅಂಕಲ್?"
ಅಲ್ಲ ಅಂದೆ.
ಸರಿ ಅಂದಳು.

ಅವತ್ತೂ ಎರಡು ಗಂಟೆಗೆ ಎಚ್ಚರವಾಯಿತು,
ಎಂದಿನಂತೆ. ಆದರೆ ಮಂಚದ ಮೇಲೆ.
ಬೆಳಿಗ್ಗೆ ಅಂಗೈ ತುಂಬ ಗರಿ ಗೀರಿದ ಉರಿ.
ಕೊಬ್ಬರಿ ಎಣ್ಣೆ ಸವರಿದ ಚೆನ್ನಾಜಿ ಏನೂ ಕೇಳಲಿಲ್ಲ.

ಕೇಳಿದವನು ಕರೀಗೌಡ: "ಐದು ಜಲ್ಲೆ ಮುರಿದವೆ."
ದುಡ್ಡು ಕೊಟ್ಟೆ, ಜಲ್ಲೆ ಇಸಿದುಕೊಂಡೆ.
ಹುಡುಗಿ, ನಾನು ಜಗಲಿಯಲ್ಲಿ ಕೂತು
ಹಲ್ಲಲ್ಲಿ ಸಿಗಿದು ಸಿಗಿದು ತಿಂದೆವು.
ಕಾರು ಹೊರಟ ಮೇಲೆ
ಸಿಪ್ಪೆಯನ್ನು ಕುರಿಗಳು ಮೂಸಿ ತಿಂದವು,
ಮೂವತ್ತೆಂಟೂ.