ಎರಡು ರೂಪಾಯಿ ರಸೀದಿ

ಎಂಬತ್ತೊಂಬತ್ತರ ನವೆಂಬರು. ಬಣಕಲ್ ಆಚೆ
ಎಸ್ಟೇಟಿನ ಒಂಟಿ ಕೋಣೆ ಶಾಲೆಯೇ ಮತಗಟ್ಟೆ.
ಕರಿಹಲಗೆಯಲ್ಲಿ ಹದಿಮೂರರ ಮಗ್ಗಿ ಅರ್ಧ ಅಳಿಸಿತ್ತು.
ಉಳಿದರ್ಧಕ್ಕೆ ಬೆನ್ನು ಕೊಟ್ಟು ಕೂತಿದ್ದೆ,
ಅಂದು ಪ್ರಿಸೈಡಿಂಗ್ ಆಫೀಸರು, ಮಿಕ್ಕ ದಿನ ಗಣಿತದ ಮೇಷ್ಟ್ರು.

ಹೊರಗೆ ಸಾಲಿನಲ್ಲಿ ತುಳು, ಬ್ಯಾರಿ, ಕೊಂಕಣಿ,
ಎಲ್ಲ ಮಾತಿಗೂ ಒಂದೇ ಬೀಡಿ ಕೈ ದಾಟುತ್ತಿತ್ತು.

ಹನ್ನೊಂದಕ್ಕೆ ಒಳಗೆ ಬಂದಳು ಪೇಚಿಯಮ್ಮ,
ಗಂಡ ಮುತ್ತುಕರುಪ್ಪ, ಲೈನ್ ಮನೆ ನಂಬರು ನಾಲ್ಕು.
ವಯಸ್ಸು ಅರವತ್ತಮೂರು;
ಪಟ್ಟಿಯಲ್ಲಿ ಮೂವತ್ತಾರು.

ಏಜೆಂಟರ ಬೆಂಚಿನಿಂದ ರೈಟರು ಹಾಲಪ್ಪಗೌಡರು ಎದ್ದರು.
"ಇವಳು ಅವಳಲ್ಲ. ಇಲ್ಲಿಯವಳೇ ಅಲ್ಲ."
ಎರಡು ರೂಪಾಯಿ ನೋಟು ಮೇಜಿಗಿಟ್ಟು
ಒಂದೇ ಬೆರಳಲ್ಲಿ ನನ್ನ ಕಡೆ ತಳ್ಳಿದರು.
ಆಕ್ಷೇಪಕ್ಕೆ ಅಷ್ಟೇ ಠೇವಣಿ. ರಸೀದಿ ಹರಿದೆ.
ವಿಚಾರಣೆ ಮಾಡಿದೆ. ಮಾಡಬೇಕಲ್ಲ.

ಸೆರಗಿನೊಳಗಿಂದ ಬಿಸ್ಕತ್ತಿನ ಡಬ್ಬಿ ಬಂತು,
ಡಬ್ಬಿಯಿಂದ ಕುಟುಂಬದ ಕಾರ್ಡು, ಹಡಗಿನ ಚೀಟಿ,
ಈಗ ಮಕ್ಕಳಲ್ಲದ ಮಕ್ಕಳ ಫೋಟೋ.

"ಮೊದಲು ಓಟು ಹಾಕಿದ್ದೀಯಾ?"

"ಒಂದ್ಸಲ ಹಾಕಿವ್ನಿ ಸಾಮಿ, ಆ ಕಡೆ, ದ್ವೀಪದಾಗೆ.
ದೊರೆ ಇನ್ನೂ ಹೋಗಿರ್ಲಿಲ್ಲ, ಪೆಟ್ಟಿಗೆ ಕಟ್ತಿದ್ದ.
ಟೀ ಗುಡ್ಡಕ್ಕೆ ಲಾರಿ ಬಂತು, ಹತ್ತಿದ್ವಿ.
ಒಂದೊಂದು ಡಬ್ಬಿಗೆ ಒಂದೊಂದು ಬಣ್ಣ, ನಮ್ದು ಹಸಿರು.
ಹಿಂದೆ ಮಲಾಯಿ ಪೊಲೀಸಪ್ಪನ ಹೆಂಡ್ತಿ,
ಮುಂದೆ ಸಿಂಹಳದ ಬಡಗಿ. ಅವನ ಮಾತು ನಂಗೆ ಬರಲ್ಲ.
ಬಿಸಿಲು ಏರ್ತು, ಕೊಡೆ ನನ್ ಕಡೀಕೆ ವಾಲಿಸ್ದ.
ನಮ್ಮೋನು ಗೆದ್ದ. ತಮಟೆ ಹೊಡೆದ್ವಿ.
ಬಾವುಟ ಹಾರಿದ ವರ್ಸಾನೇ ಹೇಳಿದ್ರು,
ನೀವು ಇಲ್ಲಿಯವರೇ ಅಲ್ಲ ಅಂತ."

ಹಾಲಪ್ಪಗೌಡರು ಕಿಟಕಿಯಾಚೆ ಏನೋ ಹುಡುಕುತ್ತಿದ್ದರು.

ಮೂರನ್ನೂ ಆರನ್ನೂ ಅದಲು ಬದಲು ಮಾಡಿ ನೋಡಿದೆ,
ಹೆಂಗಸೊಬ್ಬಳು ಅಷ್ಟರಲ್ಲಿ ಸರಿಹೋದಳು.
"ಆಕ್ಷೇಪ ತಿರಸ್ಕೃತ" ಎಂದು ನಮೂನೆಯಲ್ಲಿ ಬರೆದು
ಕೈ ಚಾಚು ಎಂದೆ. ಮಸಿ ಹಚ್ಚಿದರೆ ಕಾಣಲಿಲ್ಲ:
ಎಲೆ ಚಿವುಟಿ ಹಣ್ಣು ಕಿತ್ತು ಉಗುರು ಮೊದಲೇ ಕಪ್ಪು.
"ಇನ್ನೊಂದಪ ಹಚ್ಚಿ" ಅಂದಳು, "ಆಮೇಲೆ ಅಲ್ಲ ಅಂದಾರು."

ಮಡಿಸಿದ ಚೀಟಿ ಪೆಟ್ಟಿಗೆಗೆ ಬಿತ್ತು.
ಹೋಗುತ್ತಾ ನೋಟಿನ ಕಡೆ ಗಲ್ಲ ತೋರಿದಳು, "ಅದು?"
"ಸರ್ಕಾರಕ್ಕೆ ಜಮಾ."
"ಅಲ್ಲಿ ಬಿಟ್ಟಿ ಕೇಳಿದ್ರು," ಎಂದು
ಅರ್ಧ ದಿನದ ಕೂಲಿ ಉಳಿಸಿಕೊಳ್ಳಲು ಕುಯ್ಲಿಗೆ ಓಡಿದಳು.

ರಾತ್ರಿ ಮೂಡಿಗೆರೆಗೆ ಲಾರಿ. ಅರಗಿನ ಮುದ್ರೆಯ ಪೆಟ್ಟಿಗೆ
ತೊಡೆಯ ನಡುವೆ, ಪೇದೆ ತೂಕಡಿಸುತ್ತಿದ್ದ.
ಲೆಕ್ಕ ತಾಳೆಯಾಗಿತ್ತು, ರಸೀದಿಯೂ ಸೇರಿ.
ಡಬ್ಬಿಯ ಬಣ್ಣ ಹೇಳಿದ್ದಳು.
ಕೊಡೆಯದು ನಾನು ಕೇಳಲಿಲ್ಲ.